ನಿಮಗಿದು ಗೊತ್ತೇ? ಮೀಟರ್ ದಾಟಿದ ಕರೆಂಟು ಯಾರ ಹೊಣೆ?

ಬಾಡಿಗೆ ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತೇವೆ, ಕಿಟಕಿ ತೆರೆದು ಗಾಳಿ ಬೆಳಕು ನೋಡುತ್ತೇವೆ, ಅಡ್ವಾನ್ಸಿಗೆ ಚೌಕಾಸಿ ಮಾಡುತ್ತೇವೆ. ಮೇನ್ ಸ್ವಿಚ್ ಡಬ್ಬಿಯ ಬಾಗಿಲು ತೆಗೆದು ನೋಡುವವರು ಅಪರೂಪ. ಕೆಲಸಕ್ಕೆಂದು ಚೆನ್ನೈ ಸೇರಿದ ಕನ್ನಡಿಗರಿಗೂ ಬೆಂಗಳೂರು, ಮೈಸೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೂ ಉಪಯೋಗಕ್ಕೆ ಬರಲೆಂದು, ಚೆನ್ನೈನ ಉತ್ತರ ತುದಿಯ ಎಣ್ಣೂರಿನಿಂದ ಹೊರಟು ಮನೆ ವೈರಿಂಗ್ ತಪಾಸಣೆಯ ಸುತ್ತಮುತ್ತಲಿನ ಒಂದಿಷ್ಟು ಸಂಗತಿಗಳು ಇಲ್ಲಿವೆ.

ಕರೆಂಟು ಹುಟ್ಟುವ ಊರಿನಲ್ಲಿ

● ಎಣ್ಣೂರು ಥರ್ಮಲ್ ಸ್ಟೇಷನ್ನಿನ ಮೊದಲ ಘಟಕ ಶುರುವಾದದ್ದು 1970ರಲ್ಲಿ. ಐದು ಘಟಕ ಸೇರಿ 450 ಮೆಗಾವ್ಯಾಟ್ ಸಾಮರ್ಥ್ಯವಿದ್ದ ಅದನ್ನು 2017ರ ಮಾರ್ಚ್ 31ರಂದು ಮುಚ್ಚಲಾಯಿತು. ಆದರೂ ಸುತ್ತಲ ಚಿಮಣಿಗಳು ಹೊಗೆಯಾಡುತ್ತಲೇ ಇವೆ. ಅತ್ತಿಪಟ್ಟಿನಲ್ಲಿ ನಾರ್ತ್ ಚೆನ್ನೈ ಥರ್ಮಲ್ ಇದೆ, ಪಕ್ಕದ ವಲ್ಲೂರಿನಲ್ಲಿ ತಲಾ 500 ಮೆಗಾವ್ಯಾಟಿನ ಮೂರು ಘಟಕಗಳಿವೆ. ಊರಿಡೀ ಕರೆಂಟು ತಯಾರಾದರೂ ಅಲ್ಲಿನ ಒಂದೊಂದು ಮನೆಯ ವೈರಿಂಗಿನ ಜವಾಬ್ದಾರಿ ಆಯಾ ಮನೆಯವರದೇ.

● ಸಮುದ್ರದ ಗಾಳಿ ಹೊತ್ತು ತರುವ ಉಪ್ಪು ಒಣಗಿರುವಷ್ಟು ಹೊತ್ತು ಸುಮ್ಮನಿರುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ತೇವ ಹೀರಿ ನೀರಾಗುತ್ತದೆ, ಆಗ ಕರೆಂಟು ಹರಿಯಲು ದಾರಿ ಕೊಡುತ್ತದೆ. ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರುಗಳು ಇಬ್ಬನಿ ಬೀಳುವ ಮುಂಜಾವದಲ್ಲಿ ಚಟಪಟ ಸದ್ದು ಮಾಡಿ ಕಿಡಿ ಹಾರಿಸುವುದು ಇದೇ ಕಾರಣಕ್ಕೆ. ಥರ್ಮಲ್ ಸ್ಟೇಷನ್ನಿನ ಹಾರುಬೂದಿಯೂ ಜೊತೆಗೆ ಕೂತರೆ ಪದರ ಇನ್ನಷ್ಟು ದಪ್ಪವಾಗುತ್ತದೆ.

● ಕಡಲ ಕಡೆ ಮುಖ ಮಾಡಿದ ಗೋಡೆಯ ಸ್ವಿಚ್ ಬೋರ್ಡನ್ನು ಮೇನ್ ಆಫ್ ಮಾಡಿಸಿ ಬಿಚ್ಚಿಸಿ ನೋಡಿ. ಹಿತ್ತಾಳೆ ಸ್ಕ್ರೂಗಳ ತಲೆಯ ಸುತ್ತ ತಿಳಿ ಹಸಿರು ಪುಡಿ ಕಟ್ಟಿದ್ದರೆ, ತಾಮ್ರದ ತಂತಿಯ ತುದಿ ಕಪ್ಪಾಗಿದ್ದರೆ, ಅಲ್ಲಿ ಜಾಯಿಂಟು ಬಿಗಿ ಕಳೆದುಕೊಂಡು ಬಿಸಿಯಾಗುತ್ತಿದೆ ಎಂದರ್ಥ. ಹೊರಗಿನ ಪ್ಲಾಸ್ಟಿಕ್ ಪ್ಲೇಟು ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ.

● ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರು ಸಾಮಾನ್ಯವಾಗಿ ಅಲ್ಯೂಮಿನಿಯಂ, ಒಳಗಿನದು ತಾಮ್ರ. ಈ ಎರಡನ್ನು ಬರಿದೇ ತಿರುಚಿ ಜೋಡಿಸಿದರೆ ಉಪ್ಪು ತೇವದಲ್ಲಿ ಅಲ್ಯೂಮಿನಿಯಂ ಬೇಗ ಕೊರೆದುಹೋಗುತ್ತದೆ. ಎರಡೂ ಲೋಹಗಳಿಗೆ ಒಗ್ಗುವ ಬೈಮೆಟಾಲಿಕ್ ಲಗ್ ಹಾಕುವುದು ಸರಿಯಾದ ಕ್ರಮ.

● ತ್ರೀ ಫೇಸ್ ಮನೆಯಲ್ಲಿ ಹೀಗೆ ಕೊರೆದುಹೋದದ್ದು ನ್ಯೂಟ್ರಲ್ ಜಾಯಿಂಟೇ ಆಗಿದ್ದರೆ, ಕೆಲವು ಸಾಕೆಟ್ಟುಗಳಲ್ಲಿ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರಕ್ಕೆ ಏರಬಹುದು. ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದು ಅತಿಯಾಗಿ ಬೆಳಗಿದರೆ ಮೊದಲು ಮೇನ್ ಇಳಿಸಬೇಕು, ಫೋನು ಆಮೇಲೆ.

● ಭಾರತದ ಮೊದಲ ಎಲೆಕ್ಟ್ರಿಕ್ ಟ್ರಾಮ್ ಓಡಿದ್ದು ಮದ್ರಾಸಿನಲ್ಲಿ, 1895ರಲ್ಲಿ. ಮೊದಲಿಗೆ ಕರೆಂಟನ್ನು ರಸ್ತೆಯಡಿಯ ಕಾಲುವೆಯಂಥ ಕೊಳವೆಯಲ್ಲಿ ಕೊಡಲಾಗುತ್ತಿತ್ತು. ಮುಂಗಾರು ಹಿಂಗಾರುಗಳ ನೀರು ಅದನ್ನು ನಿಲ್ಲಗೊಡಲಿಲ್ಲ. ಕೊನೆಗೆ ತಂತಿಯನ್ನು ತಲೆಯ ಮೇಲಕ್ಕೆ ಎತ್ತಬೇಕಾಯಿತು.

● 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಎಣ್ಣೂರು ಸುತ್ತಿನ ಮನೆಗಳಿಗೆ ನುಗ್ಗಿದ ನೀರಿನೊಂದಿಗೆ ಎಣ್ಣೆಯೂ ಬಂದಿತ್ತು. ನೀರು ಇಳಿದ ಮೇಲೆ ಒಣಗಿಸಿ ಬಳಸಬಹುದಾದವು ಕೆಲವಿವೆ, ಬಳಸಬಾರದವೂ ಇವೆ. ಮುಳುಗಿದ ಸಾಧನಗಳಲ್ಲಿ ಕರೆಂಟು ಮಿತಿ ಮೀರಿದರೆ ಬೀಳುವ ಎಂಸಿಬಿ ಮತ್ತು ಕರೆಂಟು ಸೋರಿದರೆ ಬೀಳುವ ಆರ್‌ಸಿಸಿಬಿ ಎರಡನೆಯ ಗುಂಪಿಗೆ ಸೇರುತ್ತವೆ. ಒಳಗಿನ ಸ್ಪ್ರಿಂಗಿಗೆ ಕೆಸರು ಕೂತರೆ ಬೇಕಾದ ಗಳಿಗೆಯಲ್ಲಿ ಬೀಳುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಕಾನೂನಿನ ಪುಸ್ತಕದಲ್ಲಿ

● ಬಾಡಿಗೆ ಮನೆಗಳ ವೈರಿಂಗನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಇಂಗ್ಲೆಂಡ್ ನಿಯಮ ತಂದದ್ದು 2020ರಲ್ಲಿ. ನಮ್ಮಲ್ಲಿ 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 46ನೆಯ ನಿಯಮವೇ ಸರಬರಾಜಿಗೆ ಸೇರಿದ ಪ್ರತಿಯೊಂದು ವೈರಿಂಗನ್ನೂ ಐದು ವರ್ಷ ಮೀರದಂತೆ ಪರೀಕ್ಷಿಸಬೇಕೆಂದು ಹೇಳಿತ್ತು. ಬಾಡಿಗೆ ಮನೆ, ಸ್ವಂತ ಮನೆ ಎಂಬ ಭೇದವೂ ಇರಲಿಲ್ಲ. ನಿಮ್ಮ ಮನೆಗೆ ಹಾಗೆ ಯಾರಾದರೂ ಬಂದದ್ದುಂಟೇ?

● 1956ರ ನಿಯಮಾವಳಿಯ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಬಂಧನೆಗಳು ಬಂದವು, 2023ರಲ್ಲಿ ಅವೂ ಹೊಸದಾದವು. ಐದು ವರ್ಷದ ಮಾತು ಉಳಿಯಿತು. ಆದರೆ ರಾಜ್ಯ ಸರ್ಕಾರ ಗೊತ್ತುಮಾಡಿದ ವೋಲ್ಟೇಜಿಗಿಂತ ಕೆಳಗಿನವಕ್ಕೆ ಮಾಲೀಕರೇ ಪರೀಕ್ಷೆ ಮಾಡಿಸಿ ತಾವೇ ದೃಢೀಕರಿಸುವ ದಾರಿ ತೆರೆಯಿತು. ಇನ್ಸ್‌ಪೆಕ್ಟರು ಬಾಗಿಲು ತಟ್ಟುತ್ತಾರೆಂದು ಕಾಯುವುದು ವ್ಯರ್ಥ. ಕರೆಯಬೇಕಾದವರು ನಾವು.

● ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್ ಎಂಬುದು ಕರೆಂಟ್ ಬಿಲ್ಲು ಕೊಡುವ ಕಂಪನಿಯ ಶಾಖೆಯಲ್ಲ, ಸರ್ಕಾರದ ಬೇರೆಯದೇ ಇಲಾಖೆ. 2003ರ ವಿದ್ಯುತ್ ಕಾಯ್ದೆಯ 162ನೆಯ ಸೆಕ್ಷನ್ ಅಡಿ ನೇಮಕಗೊಳ್ಳುವ ಮುಖ್ಯ ವಿದ್ಯುತ್ ಪರಿವೀಕ್ಷಕರು ತಮಿಳುನಾಡಿನಲ್ಲೂ ಇದ್ದಾರೆ, ಕರ್ನಾಟಕದಲ್ಲೂ ಇದ್ದಾರೆ. ತಮಿಳುನಾಡಿನವರ ಕಚೇರಿ ಚೆನ್ನೈನ ಗಿಂಡಿಯಲ್ಲಿದೆ.

● ಚೆನ್ನೈಯಲ್ಲಿ ಈಗಲೂ ಎಲ್ಲರ ಬಾಯಲ್ಲಿ ‘ಇ.ಬಿ.’, ನಮ್ಮಲ್ಲಿ ‘ಕೆಇಬಿ’. ತಮಿಳುನಾಡು ವಿದ್ಯುತ್ ಮಂಡಳಿ 2010ರಲ್ಲೇ ಕಂಪನಿಗಳಾಗಿ ಒಡೆಯಿತು, ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಮುಂತಾದವು ಬಂದವು. ಹೆಸರು ಏನೇ ಇರಲಿ, ಇವರ ಹೊಣೆ ಮೀಟರಿನವರೆಗೆ. ಅಲ್ಲಿಂದ ಈಚೆಗಿನ ಫ್ಯೂಸು, ವೈರು, ಸ್ವಿಚ್ಚು, ಅರ್ತಿಂಗ್ ಎಲ್ಲ ಗ್ರಾಹಕರದು.

● ಹೊಸ ಮನೆಗೆ ಕರೆಂಟು ಕೊಡುವ ಮುನ್ನ ಲೈಸೆನ್ಸ್ ಇರುವ ಕಂಟ್ರಾಕ್ಟರು ವೈರಿಂಗ್ ಮುಗಿದ ವರದಿಗೆ ಸಹಿ ಹಾಕಿ ಕೊಟ್ಟಿರುತ್ತಾರೆ. ಬಹಳಷ್ಟು ಮನೆಗಳ ಆಯುಸ್ಸಿನಲ್ಲಿ ಅದೇ ಮೊದಲ, ಅದೇ ಕೊನೆಯ ವರದಿ. ಆಮೇಲೆ ಗೀಸರು, ಎ.ಸಿ., ಇಂಡಕ್ಷನ್ ಒಲೆ, ವಾಷಿಂಗ್ ಮಷೀನು ಒಂದೊಂದಾಗಿ ಬಂದು ಸೇರಿದರೂ ಕಾಗದ ಹಳೆಯದೇ.

● ಮನೆಯಲ್ಲಿ ಕರೆಂಟು ಹೊಡೆದು ಸಾವು ಅಥವಾ ಗಾಯವಾದರೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರಿಗೆ ತಿಳಿಸಬೇಕೆಂದು 2003ರ ವಿದ್ಯುತ್ ಕಾಯ್ದೆಯ 161ನೆಯ ಸೆಕ್ಷನ್ ಹೇಳುತ್ತದೆ. ವಿದ್ಯುತ್ ಕಂಪನಿ 24 ಗಂಟೆಯೊಳಗೆ ಸುದ್ದಿ ಮುಟ್ಟಿಸಬೇಕು. ಕಾರಣ ಏನೆಂಬ ಇನ್ಸ್‌ಪೆಕ್ಟರ ವರದಿ ಪರಿಹಾರದ ಪ್ರಶ್ನೆ ಬಂದಾಗ ಬೆಲೆಬಾಳುತ್ತದೆ.

● ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2021ರಲ್ಲಿ ದೇಶದಲ್ಲಿ ಕರೆಂಟು ಹೊಡೆದು ಸತ್ತವರು 12 ಸಾವಿರಕ್ಕೂ ಹೆಚ್ಚು. ಶಾರ್ಟ್ ಸರ್ಕ್ಯೂಟಿನ ಬೆಂಕಿಯಲ್ಲಿ ಹೋದವರ ಲೆಕ್ಕ ಬೇರೆ.

ಮಾಲೀಕರೋ, ಬಾಡಿಗೆದಾರರೋ?

● ತಮಿಳುನಾಡಿನ 2017ರ ಮನೆ ಮಾಲೀಕ-ಬಾಡಿಗೆದಾರರ ಹಕ್ಕು ಮತ್ತು ಹೊಣೆಗಳ ಕಾಯ್ದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಅದರ ಎರಡನೆಯ ಅನುಸೂಚಿ ಕೆಲಸ ಹಂಚುತ್ತದೆ. ಮನೆಯ ಒಳಹೊರಗಿನ ವೈರಿಂಗ್ ಮಾಲೀಕರ ಪಾಲು. ಸ್ವಿಚ್ಚು, ಸಾಕೆಟ್ಟುಗಳಂಥ ಸಣ್ಣಪುಟ್ಟ ರಿಪೇರಿ ಬಾಡಿಗೆದಾರರ ಪಾಲು. ಸ್ವಿಚ್ಚು ಪದೇ ಪದೇ ಸುಡುತ್ತಿದ್ದರೆ ತಪ್ಪು ಹಿಂದಿನ ವೈರಿಂಗಿನದೇ ಇರಬಹುದು. ಆಗ ಖರ್ಚು ಯಾರದೆಂಬುದನ್ನು ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಎರಡು ಸಾಲು ತೀರ್ಮಾನಿಸಬಲ್ಲದು.

● ಬಾಡಿಗೆ ಬಾಕಿ ಇದೆಯೆಂದು, ಮನೆ ಖಾಲಿ ಮಾಡಲೆಂದು ಕರೆಂಟು ಕಿತ್ತುಹಾಕುವುದನ್ನು ಅದೇ ಕಾಯ್ದೆ ತಡೆಯುತ್ತದೆ. ನೀರು, ಕರೆಂಟು, ಮೆಟ್ಟಿಲ ದೀಪ, ಲಿಫ್ಟು ಅಗತ್ಯ ಸೇವೆಗಳ ಪಟ್ಟಿಯಲ್ಲಿವೆ.

● ತಮಿಳುನಾಡಿನಲ್ಲಿ ಮನೆ ಕರೆಂಟಿನ ಬಿಲ್ಲು ಎರಡು ತಿಂಗಳಿಗೊಮ್ಮೆ, ಮೊದಲ 100 ಯೂನಿಟ್ ಉಚಿತ. ಈಗ ಈ ಲೆಕ್ಕ ನೋಡಿ. ಎಲ್ಲೋ ಗೋಡೆಯೊಳಗೆ 300 ಮಿಲಿಆಂಪಿಯರ್ ಕರೆಂಟು ನೆಲಕ್ಕೆ ಸೋರುತ್ತಿದೆ ಎಂದುಕೊಳ್ಳಿ. 230 ವೋಲ್ಟಿಗೆ ಅದು 69 ವ್ಯಾಟ್. ಹಗಲು ರಾತ್ರಿ ಸೇರಿ 60 ದಿನಕ್ಕೆ ಸುಮಾರು 99 ಯೂನಿಟ್. ಸರ್ಕಾರ ಕೊಟ್ಟ ಉಚಿತ ಕರೆಂಟಿನ ಬಹುಪಾಲನ್ನು ಗೋಡೆಯೇ ಕುಡಿದಿರುತ್ತದೆ.

● ಕರ್ನಾಟಕದಲ್ಲಿ 2023ರ ಜುಲೈಯಿಂದ ಗೃಹಜ್ಯೋತಿ ಉಚಿತ ಕರೆಂಟು ಯೋಜನೆಯ 200 ಯೂನಿಟ್ಟಿನ ಮಿತಿ ಬಾಡಿಗೆದಾರರಿಗೂ ಇದೆ. ಸೊನ್ನೆ ಬಿಲ್ಲು ಬರುವ ಮನೆಯಲ್ಲಿ ಸೋರಿಕೆ ಇದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ಹಣದ ಕಾಲಂ ಬಿಟ್ಟು ಯೂನಿಟ್ಟಿನ ಕಾಲಂ ಓದುವ ಅಭ್ಯಾಸ ಒಳ್ಳೆಯದು.

● ಮನೆಯ ಮುಂಗೋಣೆಯಲ್ಲಿ ಬಾಡಿಗೆದಾರರು ಟೈಲರಿಂಗ್ ಅಂಗಡಿಯೋ ಜೆರಾಕ್ಸ್ ಮಷೀನೋ ಇಟ್ಟು ಮನೆ ಕನೆಕ್ಷನ್ನಿನಲ್ಲೇ ನಡೆಸಿದರೆ ವಿದ್ಯುತ್ ಕಾಯ್ದೆಯ 126ನೆಯ ಸೆಕ್ಷನ್ ಅಡಿ ಅನಧಿಕೃತ ಬಳಕೆ ಎಂದು ದಂಡದ ಬಿಲ್ಲು ಬರಬಹುದು. ಮನೆಯ ಲೋಡಿಗೆಂದು ಎಳೆದ ವೈರು ಅಂಗಡಿಯ ಲೋಡು ಹೊರುವುದೂ ಅನುಮಾನವೇ.

ಡಬ್ಬಿಯ ಬಾಗಿಲು ತೆರೆದರೆ

● ಎಂಸಿಬಿ ಕಾಪಾಡುವುದು ವೈರನ್ನು, ಆರ್‌ಸಿಸಿಬಿ ಕಾಪಾಡುವುದು ಮನುಷ್ಯರನ್ನು. ಒದ್ದೆ ಮೈಯ ಪ್ರತಿರೋಧ ಸುಮಾರು ಸಾವಿರ ಓಮ್‌ಗೆ ಇಳಿದರೆ 230 ವೋಲ್ಟು ಮುಟ್ಟಿದವರ ಮೈಯಲ್ಲಿ ಹರಿಯುವುದು ಸುಮಾರು 0.23 ಆಂಪಿಯರ್. ಪ್ರಾಣ ಹೋಗಲು ಅಷ್ಟು ಬೇಕಾದಷ್ಟಾಯಿತು. 16 ಆಂಪಿಯರ್ ಎಂಸಿಬಿಗೆ ಅದು ಒಂದು ದೀಪ ಹೊತ್ತಿದಂತೆ, ಅದು ಅಲ್ಲಾಡುವುದೂ ಇಲ್ಲ.

● ಆರ್‌ಸಿಸಿಬಿಯ ಕೆಲಸ ಸರಳ: ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಸದಾ ತಾಳೆ ನೋಡುವುದು. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟಾದರೆ 0.04 ಸೆಕೆಂಡಿನೊಳಗೆ ಬೀಳಬೇಕು. ಒಂದು ಎದೆಬಡಿತಕ್ಕೆ ಸುಮಾರು 0.8 ಸೆಕೆಂಡು ಬೇಕು.

● ಎಷ್ಟು ಕರೆಂಟಿಗೆ ಮನುಷ್ಯರ ಕೈ ಬಿಗಿದುಕೊಂಡು ಬಿಡಿಸಿಕೊಳ್ಳಲಾರದೆ ಹೋಗುತ್ತದೆ ಎಂದು ಅಳೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜೀಲ್. ಉತ್ತರ ಸುಮಾರು 10 ಮಿಲಿಆಂಪಿಯರಿನ ಆಸುಪಾಸು. ಅಮೆರಿಕದ ಮನೆಗಳಲ್ಲಿ ಬಳಸುವ ಸೋರಿಕೆ ತಡೆಯ ಸಾಧನವನ್ನು 1961ರಲ್ಲಿ ರೂಪಿಸಿದವರೂ ಅವರೇ. ಎಂಸಿಬಿ ಅದಕ್ಕಿಂತ ಹಳೆಯದು. ಜರ್ಮನಿಯ ಹ್ಯೂಗೋ ಸ್ಟೋಟ್ಜ್ ಕಂಪನಿ 1924ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿತ್ತು.

● ಕೇಂದ್ರದ ಸುರಕ್ಷತಾ ನಿಬಂಧನೆಗಳ ಪ್ರಕಾರ 2 ಕಿಲೋವ್ಯಾಟ್ ಮೀರಿದ ಮನೆಗಳಿಗೆ ಸೋರಿಕೆ ತಡೆಯುವ ಸಾಧನ ಇರಬೇಕು. ತಮಿಳುನಾಡು ವಿದ್ಯುತ್ ನಿಯಂತ್ರಣ ಆಯೋಗವೂ ತನ್ನ ವಿತರಣಾ ಸಂಹಿತೆಗೆ ತಿದ್ದುಪಡಿ ತಂದು ಇದನ್ನು ಕಡ್ಡಾಯವೆಂದಿದೆ. ಒಂದು ಗೀಸರು, ಒಂದು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಹಾಕಿದರೆ 2 ಕಿಲೋವ್ಯಾಟ್ ದಾಟಿಯೇ ಹೋಗುತ್ತದೆ.

● ಆರ್‌ಸಿಸಿಬಿಯ ಮೂತಿಯ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಆಗಾಗ ಅದನ್ನು ಒತ್ತಬೇಕು, ಟಕ್ಕೆಂದು ಬೀಳಬೇಕು. ಬೀಳದಿದ್ದರೆ ಬದಲಿಸಬೇಕು. ಗಮನಿಸಬೇಕಾದ ಇನ್ನೊಂದು ಮಾತಿದೆ: ಮನೆಗೆ ಅರ್ತಿಂಗೇ ಇಲ್ಲದಿದ್ದರೂ ಆ ಗುಂಡಿ ಒತ್ತಿದಾಗ ಅದು ಬೀಳುತ್ತದೆ. ಗುಂಡಿ ಪರೀಕ್ಷಿಸುವುದು ಸಾಧನವನ್ನು ಮಾತ್ರ. ಅರ್ತಿಂಗಿನ ಪರೀಕ್ಷೆ ಬೇರೆಯೇ ಆಗಬೇಕು.

● ‘ಮಳೆ ಬಂದರೆ ಸಾಕು ಅದು ಬೀಳ್ತಾನೇ ಇರುತ್ತೆ, ಅದಕ್ಕೇ ಬೈಪಾಸ್ ಮಾಡಿಸಿಬಿಟ್ವಿ’ ಎಂಬ ಮಾತು ಬಾಡಿಗೆ ಮನೆಗಳಲ್ಲಿ ಕೇಳಿಸುತ್ತದೆ. ಮಳೆಗೆ ಬೀಳುತ್ತಿದೆ ಎಂದರೆ ಎಲ್ಲೋ ಒಂದು ಪೈಪಿಗೆ ನೀರು ಹೋಗುತ್ತಿದೆ. ತಾರಸಿಯ ಮೇಲಿನ ಪಂಪಿನ ವೈರು, ಗೇಟಿನ ದೀಪ, ಹೊರಗಿನ ಕಾಲಿಂಗ್ ಬೆಲ್ಲು ಇವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಕಳ್ಳ ಸಿಗುತ್ತಾನೆ.

● ಹಳೆಯ ಪಿಂಗಾಣಿ ಫ್ಯೂಸಿಗೆ ಸಿಕ್ಕ ತಾಮ್ರದ ಎಳೆಗಳನ್ನೆಲ್ಲ ಸುತ್ತಿಬಿಟ್ಟರೆ ಆ ಫ್ಯೂಸು ಹೋಗುವುದೇ ಇಲ್ಲ. ಅದರ ಬದಲು ಗೋಡೆಯೊಳಗಿನ ವೈರು ಹೋಗುತ್ತದೆ. ಎಂಸಿಬಿ ಪದೇ ಪದೇ ಬೀಳುತ್ತದೆಂದು 16ರ ಜಾಗಕ್ಕೆ 32 ಹಾಕಿಸುವುದೂ ಇದೇ ಜಾತಿಯ ಬುದ್ಧಿವಂತಿಕೆ.

ವೈರು, ಸಾಕೆಟ್ಟು, ಟೆಸ್ಟರು

● ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದ. ಚುಚ್ಚುವಾಗ ಅದು ಮೊದಲು ಕೂಡಿಕೊಳ್ಳಲಿ, ಕೀಳುವಾಗ ಕೊನೆಗೆ ಬಿಡಲಿ ಎಂಬುದು ಉದ್ದೇಶ. ನಮ್ಮ 6 ಮತ್ತು 16 ಆಂಪಿಯರ್ ಪ್ಲಗ್ಗುಗಳ ಮಾನಕ ಐಎಸ್ 1293. ಅದರ ಮೂಲ ಬ್ರಿಟನ್ನಿನ ಹಳೆಯ 5 ಮತ್ತು 15 ಆಂಪಿಯರ್ ಪ್ಲಗ್ಗು. ಬ್ರಿಟನ್ನಿನ ಮನೆಗಳು ಅದನ್ನು ಎಂದೋ ಬಿಟ್ಟವು, ನಾವು ಉಳಿಸಿಕೊಂಡಿದ್ದೇವೆ.

● ಸಾಕೆಟ್ಟಿನ ಎದುರು ನಿಂತು ಅರ್ತ್ ತೂತು ಮೇಲೆ ಬರುವಂತೆ ನೋಡಿದರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಸ್ವಿಚ್ ಯಾವಾಗಲೂ ಫೇಸಿಗೇ ಇರಬೇಕು. ಅದನ್ನು ನ್ಯೂಟ್ರಲಿಗೆ ಹಾಕಿದ್ದರೂ ದೀಪ ಹೊತ್ತುತ್ತದೆ, ಆರುತ್ತದೆ. ಆದರೆ ಸ್ವಿಚ್ ಆಫ್ ಮಾಡಿ ಬಲ್ಬು ಬದಲಿಸುವವರ ಬೆರಳಿಗೆ ಹೋಲ್ಡರಿನಲ್ಲಿ ಕರೆಂಟು ಕಾದಿರುತ್ತದೆ. ಆಫ್ ಮಾಡಿದ ಎಲ್‌ಇಡಿ ಬಲ್ಬು ಕತ್ತಲಲ್ಲಿ ಮಿಣಿಮಿಣಿ ಎನ್ನುತ್ತಿದ್ದರೆ ಈ ತಪ್ಪೂ ಒಂದು ಕಾರಣವಾಗಿರಬಹುದು.

● ಟೆಸ್ಟರಿನ ನಿಯಾನ್ ದೀಪ ಹೊತ್ತುವುದು ನಿಮ್ಮ ಮೈಯ ಮೂಲಕ ಹರಿಯುವ ಕರೆಂಟಿನಿಂದಲೇ. ಒಳಗಿನ ರೆಸಿಸ್ಟರು ಅದನ್ನು ಒಂದು ಮಿಲಿಆಂಪಿಯರಿಗಿಂತ ತೀರಾ ಕಡಿಮೆಗೆ ಇಳಿಸುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಫೇಸ್ ಎಲ್ಲಿದೆ ಎಂದಷ್ಟೇ ಟೆಸ್ಟರ್ ಹೇಳುತ್ತದೆ. ನ್ಯೂಟ್ರಲ್ ಸರಿ ಇದೆಯೇ, ಅರ್ತ್ ಇದೆಯೇ ಎಂಬುದು ಅದರ ಕೈಯಲ್ಲಾಗದ ಕೆಲಸ.

● ಸಾಮಾನ್ಯವಾಗಿ ದೀಪ, ಫ್ಯಾನಿಗೆ 1.5, ಸಾಕೆಟ್ಟಿಗೆ 2.5, ಎ.ಸಿ. ಮತ್ತು ಗೀಸರಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಹಾಕುತ್ತಾರೆ. ವೈರಿನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

● 2000 ವ್ಯಾಟಿನ ಇಂಡಕ್ಷನ್ ಒಲೆ ಎಳೆಯುವುದು ಸುಮಾರು 8.7 ಆಂಪಿಯರ್. ಅದನ್ನು 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಪಿಜಿ ಮತ್ತು ಬ್ಯಾಚುಲರ್ ಕೋಣೆಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದ ಸಾಕೆಟ್ಟುಗಳ ಹಿಂದೆ ಇಂಥದೇ ಕಥೆಗಳಿರುತ್ತವೆ.

● ವೈರಿನ ಮೇಲೆ ಐಎಸ್‌ಐ ಗುರುತಿನ ಜೊತೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ನಕಲಿ ಮಾಲು ಇಲ್ಲೇ ಸಿಕ್ಕಿಬೀಳುತ್ತದೆ.

● ಮೊಬೈಲ್ ಚಾರ್ಜರ್, ಹೇರ್ ಡ್ರೈಯರ್ ಮೇಲೆ ಚೌಕದೊಳಗೊಂದು ಚೌಕದ ಚಿತ್ರ ಇದ್ದರೆ ಅದು ಡಬಲ್ ಇನ್ಸುಲೇಷನ್ ಗುರುತು. ಅವಕ್ಕೆ ಅರ್ತ್ ಪಿನ್ನು ಬೇಡ. ಲೋಹದ ಮೈಯ ಫ್ರಿಜ್, ಗ್ರೈಂಡರ್, ಇಸ್ತ್ರಿಪೆಟ್ಟಿಗೆಗೆ ಬೇಕೇ ಬೇಕು. ಅವುಗಳ ಮೂರನೆಯ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವುದು ಸಾವಿನೊಡನೆ ಸರಸ.

ನೆಲದೊಳಗಿನ ಸಂಗತಿ

● ಭಾರತೀಯ ಮಾನಕ ಐಎಸ್ 3043ರ ಪ್ರಕಾರ ಅರ್ತಿಂಗಿಗೆ ಹೂಳುವ ಜಿ.ಐ. ಪೈಪು ಕನಿಷ್ಠ 38 ಮಿಲಿಮೀಟರ್ ವ್ಯಾಸ, 2.5 ಮೀಟರ್ ಉದ್ದ ಇರಬೇಕು. ಸುತ್ತ ಇದ್ದಿಲು, ಉಪ್ಪು ಹಾಕುವುದು ಮಣ್ಣಿನ ಪ್ರತಿರೋಧ ಇಳಿಸಲು.

● ಎಣ್ಣೂರಿನ ಮಣ್ಣಿಗೆ ಆ ಉಪ್ಪನ್ನು ಸಮುದ್ರವೇ ಹಾಕಿಬಿಟ್ಟಿದೆ. ಕೊಸಸ್ತಲೈ ಅಳಿವೆಯ ದಡದಲ್ಲಿ ಕೊಂಚ ಅಗೆದರೂ ಉಪ್ಪುನೀರು, ಹಾಗಾಗಿ ಹೊಸ ಅರ್ತಿಂಗ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದೇ ಉಪ್ಪು ಪೈಪನ್ನು ತಿನ್ನುತ್ತದೆ. ಮೇಲೆ ಕಾಣುವ ತುದಿ ಗಟ್ಟಿಯಾಗಿದ್ದು ಒಳಗೆ ಪೈಪು ಜರಡಿಯಾಗಿರಬಹುದು. ಬೆಂಗಳೂರಿನ ಗಟ್ಟಿ ಕಲ್ಲಿನ ಪಾಯದಲ್ಲಿ ತೊಂದರೆ ತಿರುಗುಮುರುಗು. ಪೈಪು ಬಾಳುತ್ತದೆ, ಆದರೆ ಒಣ ಕಲ್ಲುನೆಲ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕುವ ಪದ್ಧತಿ ಅದಕ್ಕೇ ಬಂದದ್ದು.

● ಐದು ಓಮ್ ಅರ್ತಿಂಗ್ ಎಂದರೆ ಮನೆಗೆ ಒಳ್ಳೆಯದೆಂದೇ ಲೆಕ್ಕ. ಆದರೂ ಫ್ರಿಜ್ಜಿನ ಮೈಗೆ ಫೇಸ್ ತಗುಲಿದಾಗ ಅಲ್ಲಿ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 16 ಆಂಪಿಯರಿನ ‘ಸಿ’ ಮಾದರಿ ಎಂಸಿಬಿ ತಕ್ಷಣ ಬೀಳುವ ಖಾತರಿ ಇರುವುದು 160 ಆಂಪಿಯರಿಗೆ. ಅಷ್ಟು ಸಿಗದಿದ್ದರೆ ಸೆಕೆಂಡುಗಟ್ಟಲೆ ಕಾಯುತ್ತದೆ. ಅರ್ತಿಂಗ್ ಇದೆ, ಆರ್‌ಸಿಸಿಬಿ ಯಾಕೆ ಎನ್ನುವವರಿಗೆ ಈ ಒಂದು ಲೆಕ್ಕ ಸಾಕು.

● ಹಿಂದೆ ನೀರಿನ ಕಬ್ಬಿಣದ ಪೈಪಿಗೆ ಅರ್ತ್ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಆ ಪೈಪುಗಳ ಜಾಗಕ್ಕೆ ಪಿವಿಸಿ ಬಂದ ದಿನವೇ ಆ ಮನೆಗಳ ಅರ್ತಿಂಗ್ ಹೋಯಿತು, ಪ್ಲಂಬರ್ ಅದನ್ನು ಯಾರಿಗೂ ಹೇಳಲಿಲ್ಲ. ಇನ್ನು ಕೆಲವು ಕಡೆ ಸಾಕೆಟ್ಟಿನ ಅರ್ತ್ ತೂತನ್ನು ಒಂದು ತುಂಡು ವೈರಿನಿಂದ ನ್ಯೂಟ್ರಲಿಗೇ ಸೇರಿಸಿರುತ್ತಾರೆ. ನ್ಯೂಟ್ರಲ್ ಕಡಿದ ದಿನ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟು ಬರುತ್ತದೆ.

ತಪಾಸಣೆ ಎಂದರೆ ಏನೇನು?

● ಮೊದಲು ಕಣ್ಣು, ಆಮೇಲೆ ಕರೆಂಟು ಇಳಿಸಿ ಮಾಡುವ ಪರೀಕ್ಷೆಗಳು, ಕೊನೆಗೆ ಕರೆಂಟು ಇದ್ದಾಗಿನ ಪರೀಕ್ಷೆಗಳು. ಈ ಕ್ರಮ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಮನೆ ವೈರಿಂಗಿಗೆ ಕೈಪಿಡಿ ಐಎಸ್ 732, 2019ರಲ್ಲಿ ಪರಿಷ್ಕೃತ.

● ಮೆಗ್ಗರ್ ಎಂಬ ಉಪಕರಣದಿಂದ ವೈರಿಗೆ 500 ವೋಲ್ಟ್ ಡಿ.ಸಿ. ಕೊಟ್ಟು ಒಂದು ನಿಮಿಷ ಹಿಡಿದು ನೋಡುತ್ತಾರೆ. ವೈರಿಗೂ ಅರ್ತಿಗೂ ನಡುವಿನ ಪ್ರತಿರೋಧ ಕನಿಷ್ಠ 1 ಮೆಗಾಓಮ್ ಇರಬೇಕು. ಪರೀಕ್ಷೆಗೆ ಮುಂಚೆ ಟಿ.ವಿ., ಎಲ್‌ಇಡಿ ದೀಪ, ಇನ್ವರ್ಟರ್ ಎಲ್ಲ ಬಿಡಿಸಿಡಬೇಕು, ಇಲ್ಲವಾದರೆ ಅವು ಸುಡಬಹುದು. ಇಂಗ್ಲೆಂಡಿನ ಎವರ್‌ಶೆಡ್ ಅಂಡ್ ವಿಗ್ನೋಲ್ಸ್ ಕಂಪನಿ ಮೆಗ್ಗರ್ ಹೆಸರನ್ನು ನೋಂದಾಯಿಸಿದ್ದು 1903ರಲ್ಲಿ, ಬೆಂಗಳೂರಿಗೆ ಕರೆಂಟು ದೀಪ ಬರಲು ಇನ್ನೂ ಎರಡು ವರ್ಷವಿತ್ತು.

● ಖರ್ಚಿಲ್ಲದ ಪರೀಕ್ಷೆ ಮೀಟರಿನ ಮುಂದೆಯೇ ಇದೆ. ಮನೆಯ ಎಲ್ಲ ಸ್ವಿಚ್ಚು ಆಫ್ ಮಾಡಿ, ಪ್ಲಗ್ಗುಗಳನ್ನು ಕಿತ್ತು, ಮೇನ್ ಮಾತ್ರ ಆನ್ ಇಟ್ಟು ಎಲೆಕ್ಟ್ರಾನಿಕ್ ಮೀಟರಿನ ಕೆಂಪು ದೀಪ ನೋಡಿ. ಅದು ಇನ್ನೂ ಮಿನುಗುತ್ತಿದ್ದರೆ ಎಲ್ಲೋ ಕರೆಂಟು ಹೋಗುತ್ತಿದೆ. ಬಹಳಷ್ಟು ಮೀಟರುಗಳಲ್ಲಿ ಪಕ್ಕದಲ್ಲೇ ‘ಅರ್ತ್’ ಅಥವಾ ‘ಇ.ಎಲ್.’ ಎಂದು ಬರೆದ ಇನ್ನೊಂದು ಪುಟ್ಟ ದೀಪ ಇರುತ್ತದೆ. ಫೇಸ್, ನ್ಯೂಟ್ರಲ್ ಲೆಕ್ಕ ತಾಳೆಯಾಗದಿದ್ದಾಗ ಅದು ಹೊತ್ತುತ್ತದೆ. ಸೋರಿಕೆ ಇರಬಹುದು, ಇಲ್ಲವೇ ಪಕ್ಕದ ಪೋರ್ಷನ್ನಿನ ನ್ಯೂಟ್ರಲ್ ನಿಮ್ಮದರ ಜೊತೆ ಬೆರೆತಿರಬಹುದು. ಎರಡಕ್ಕೂ ಎಲೆಕ್ಟ್ರಿಷಿಯನ್ ಬೇಕು.

● ಒಂದೇ ಕಟ್ಟಡವನ್ನು ನಾಲ್ಕು ಪೋರ್ಷನ್ ಮಾಡಿ ಬಾಡಿಗೆಗೆ ಕೊಟ್ಟ ಕಡೆ ಈ ಬೆರಕೆ ನ್ಯೂಟ್ರಲ್ ಸರ್ವೇಸಾಮಾನ್ಯ. ಇಂಥ ಮನೆಗೆ ಆರ್‌ಸಿಸಿಬಿ ಹಾಕಿದರೆ ನಿಲ್ಲುವುದೇ ಇಲ್ಲ. ದೋಷ ಆರ್‌ಸಿಸಿಬಿಯದೆಂದು ವಾಪಸು ಕೊಡುವವರೂ ಇದ್ದಾರೆ.

ಬೇರೆ ದೇಶಗಳಲ್ಲಿ

● ಇಂಗ್ಲೆಂಡಿನಲ್ಲಿ ಮಾಲೀಕರು ತಪಾಸಣೆಯ ವರದಿಯನ್ನು 28 ದಿನದೊಳಗೆ ಬಾಡಿಗೆದಾರರ ಕೈಗೆ ಕೊಡಬೇಕು. ಅಪಾಯವಿದೆ ಎಂದು ವರದಿ ಹೇಳಿದರೆ 28 ದಿನದೊಳಗೆ ರಿಪೇರಿಯೂ ಆಗಬೇಕು. ನಿಯಮ ಬಂದಾಗ ಗರಿಷ್ಠ ದಂಡ 30 ಸಾವಿರ ಪೌಂಡ್.

● ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಮಾರ್ಚಿನಿಂದ ಬಾಡಿಗೆ ಮನೆಗಳಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಫ್ರಾನ್ಸಿನಲ್ಲಿ ವೈರಿಂಗಿಗೆ 15 ವರ್ಷ ದಾಟಿದ್ದರೆ ಬಾಡಿಗೆ ಕರಾರಿಗೆ ಪರೀಕ್ಷಾ ವರದಿ ಲಗತ್ತಿಸಬೇಕು, ಅದರ ಆಯುಸ್ಸು ಆರು ವರ್ಷ. ಜಪಾನಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ತಪಾಸಣೆಯವರೇ ಮನೆ ಬಾಗಿಲಿಗೆ ಬರುತ್ತಾರೆ, ಮನೆಯವರು ದುಡ್ಡು ಕೊಡಬೇಕಿಲ್ಲ.

● ಮನೆ ವೈರಿಂಗಿನ ಮೊದಲ ನಿಯಮಗಳು ಹುಟ್ಟಿದ್ದು ಶಾಕಿನ ಭಯದಿಂದಲ್ಲ, ಬೆಂಕಿಯ ಭಯದಿಂದ. ಲಂಡನ್ನಿನ ಟೆಲಿಗ್ರಾಫ್ ಎಂಜಿನಿಯರುಗಳ ಸಂಘ 1882ರಲ್ಲಿ ಹೊರತಂದ ನಿಯಮಗಳ ಹೆಸರಿನಲ್ಲೇ ಬೆಂಕಿಯ ಮಾತಿತ್ತು. ಅಮೆರಿಕದಲ್ಲಿ ವಿಲಿಯಂ ಹೆನ್ರಿ ಮೆರಿಲ್ 1894ರಲ್ಲಿ ಷಿಕಾಗೋದಲ್ಲಿ ಕಟ್ಟಿದ ಪರೀಕ್ಷಾಲಯದ ಹಿಂದೆಯೂ ಬೆಂಕಿ ವಿಮೆಯ ಕಂಪನಿಗಳ ಚಿಂತೆ ಇತ್ತು.

ಸಹಿ ಹಾಕುವ ಮುನ್ನ

● ಕರೆಂಟಿನ ದೂರಿಗೆ ದೇಶದ ಬಹುತೇಕ ಕಡೆ 1912. ತಮಿಳುನಾಡಿನಲ್ಲಿ ‘ಮಿನ್ನಗಂ’ ಸಹಾಯವಾಣಿ 94987 94987, 2021ರಿಂದ ಇದೆ. ಕಂಬದಲ್ಲಿ ಕಿಡಿ, ಕಡಿದ ತಂತಿ, ಮೀಟರಿನ ತೊಂದರೆ ಅವರಿಗೆ. ಸ್ನಾನದ ಮನೆಯ ನಲ್ಲಿ ಜುಂ ಎಂದರೆ ಅವರಿಗೆ ಫೋನು ಮಾಡಿ ಪ್ರಯೋಜನವಿಲ್ಲ.

● ತಮಿಳುನಾಡಿನ ಕಾಯ್ದೆ ಅಡ್ವಾನ್ಸಿಗೆ ಮೂರು ತಿಂಗಳ ಬಾಡಿಗೆಯ ಮಿತಿ ಹಾಕಿದೆ, ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು ಎನ್ನುತ್ತದೆ. ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು ಎಂದು ಎಣಿಸಿ ಬರೆಯುವ ಆ ಕರಾರಿನಲ್ಲೇ ಇನ್ನು ಮೂರು ಸಾಲಿಗೆ ಜಾಗವಿದೆ: ವೈರಿಂಗ್ ಕೊನೆಯ ಸಲ ಪರೀಕ್ಷಿಸಿದ ದಿನಾಂಕ, ಪರೀಕ್ಷಿಸಿದವರ ಲೈಸೆನ್ಸ್ ನಂಬರ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯೇ ಇಲ್ಲವೇ. ಈ ಮೂರು ಸಾಲು ಬರೆಯಿರಿ ಎಂದು ಕೇಳಲು ಯಾವ ಹೊಸ ಕಾನೂನೂ ಬೇಕಿಲ್ಲ. ಕೇಳಿದಾಗ ಮಾಲೀಕರು ‘ಮೊದಲಿನಿಂದ ಹೀಗೇ ಇದೆ, ಇವತ್ತಿನವರೆಗೆ ಏನೂ ಆಗಿಲ್ಲ’ ಎಂದರೆ, ಆ ಮನೆಯ ತಪಾಸಣೆ ಎಂದೂ ನಡೆದಿಲ್ಲ ಎಂದು ತಿಳಿಯಿರಿ.